ಕೂಸಿನ ಕೈಮಾತು

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಎಷ್ಟೋ ಮನೆಗಳಲ್ಲಿ ಕೂಸು ತೆಲುಗನ್ನೂ ಕನ್ನಡವನ್ನೂ ಒಟ್ಟಿಗೇ ಕೇಳುತ್ತ ಬೆಳೆಯುತ್ತದೆ. ಆದರೆ ಮೊದಲು ಕಲಿಯುವುದು ಇವೆರಡನ್ನೂ ಅಲ್ಲ; ದೇವರಿಗೆ ಕೈಮುಗಿಯುವುದನ್ನು, ಚಂದಮಾಮನನ್ನು ಕೈಬೀಸಿ ಕರೆಯುವುದನ್ನು. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಲಿಂಡಾ ಆಕ್ರೆಡೋಲೊ ಮತ್ತು ಸೂಸನ್ ಗುಡ್ವಿನ್ ಶಿಶುಗಳ ಇಂಥ ಸನ್ನೆಗಳನ್ನು ಅಧ್ಯಯನ ಮಾಡಿದರು. ಬರಬರುತ್ತ ಅಮೆರಿಕದಲ್ಲಿ ಅದನ್ನು ಕಲಿಸುವುದೇ ಒಂದು ವ್ಯಾಪಾರವಾಯಿತು. ನಮ್ಮ ಅಜ್ಜಿಯರು ಶುಲ್ಕ ಪಡೆಯುತ್ತಿರಲಿಲ್ಲ, ಅಷ್ಟೆ.

ವಿಪರ್ಯಾಸವೆಂದರೆ, ಸನ್ನೆ ನಿಜವಾಗಿ ಬೇಕಾದ ಮಗುವಿಗೇ ಅದು ದಕ್ಕುತ್ತಿಲ್ಲ. ಸೇವೆಯಲ್ಲಿದ್ದಾಗ ಮುಳಬಾಗಿಲು ಕಡೆಯ ಹಳ್ಳಿಯೊಂದರಲ್ಲಿ ಕಿವಿ ಕೇಳದ ನಾಲ್ಕು ವರ್ಷದ ಹುಡುಗಿಯನ್ನು ಕಂಡಿದ್ದೆ. ಅವಳು ಕೈಯೆತ್ತಿದಾಗಲೆಲ್ಲ ತಾಯಿ ಆ ಕೈಯನ್ನು ಹಿಡಿದು ಕೆಳಗಿಳಿಸುತ್ತಿದ್ದಳು. ಸನ್ನೆ ರೂಢಿಯಾದರೆ ಮಾತು ಬಾರದೆಂದು ಯಾರೋ ಹೆದರಿಸಿದ್ದರಂತೆ. ವಾಸ್ತವವಾಗಿ, ಹೆತ್ತವರು ಸಂಜ್ಞಾಭಾಷೆ ಬಲ್ಲವರಾದರೆ ಕಿವುಡ ಮಗುವೂ ಉಳಿದ ಮಕ್ಕಳ ವಯಸ್ಸಿಗೇ ಭಾಷೆ ಕಲಿಯುತ್ತದೆ. ಶ್ರವಣ ಸಾಧನ ಫಲ ಕೊಡುವವರೆಗೆ ಅದರ ಬುದ್ಧಿ ಭಾಷೆಯಿಲ್ಲದೆ ಉಪವಾಸವಿರಬೇಕೇ?

ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಂಜ್ಞಾಭಾಷೆಗೆ ಮನ್ನಣೆಯಿತ್ತಿದೆ. ಭಾರತೀಯ ಸಂಜ್ಞಾಭಾಷೆಯ ನಿಘಂಟು 2021ರಲ್ಲಿ 10,000 ಪದ ಮುಟ್ಟಿತು. ಅದರಲ್ಲಿ ಐವತ್ತನ್ನಾದರೂ ಅಂಗನವಾಡಿ ಕಾರ್ಯಕರ್ತೆಗೆ, ಆಕೆಯ ಮೂಲಕ ತಾಯಿಗೆ ಕಲಿಸಲು ಜಿಲ್ಲಾಡಳಿತಕ್ಕೆ ಹೆಚ್ಚಿನ ವೆಚ್ಚವೇನೂ ತಗಲದು.