ಮಾತಾಡುವ ಹಲಗೆ ಮತ್ತು ಒಲ್ಲದ ಮಗು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿಯೂ ಮಾತು ಬಾರದ ಮಕ್ಕಳುಂಟು. ಚಿತ್ರ ಮುಟ್ಟಿದರೆ ನುಡಿಯುವ ಸಾಧನಗಳು ಅಂಥವರಿಗೆ ನೆರವಾಗುತ್ತವೆ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆ ಮಾರ್ಗದರ್ಶನ ದೊರೆಯುತ್ತದೆ.

ಆದರೆ ಮಗುವೇ ಸಾಧನವನ್ನು ದೂರ ತಳ್ಳಿದರೆ? ಅದನ್ನು ಹಟವೆಂದು ನಾನು ಒಪ್ಪಲಾರೆ. ‘ನೀರೆಲ್ಲಿ, ತೋರಿಸು’ ಎಂದು ಪದೇ ಪದೇ ಕೇಳಿದರೆ ಅದು ಪರೀಕ್ಷೆಯ ಹಲಗೆಯಾಗುತ್ತದೆ. ಮುದ್ದೆ ಬಡಿಸುವಾಗ ‘ಮುದ್ದೆ’, ‘ಇನ್ನಷ್ಟು’ ಎಂಬ ಚಿತ್ರಗಳನ್ನು ಮೊದಲು ನಾವೇ ಮುಟ್ಟುತ್ತ ಮಾತಾಡಬೇಕು. ಬಳಿಕ ಸುಮ್ಮನೆ ಕಾಯಬೇಕು. ಕೈಸನ್ನೆಯಿಂದ ಕೇಳಿದರೂ ಕೊಡಬೇಕು. ‘ಬೇಡ’ವನ್ನು ಮುಟ್ಟಿದರೆ ಅದನ್ನೂ ಮನ್ನಿಸಬೇಕು. ಪಾವಗಡದ ಅನೇಕ ಮನೆಗಳ ನುಡಿ ತೆಲುಗು. ಅಲ್ಲಿ ಸಾಧನವೂ ಮನೆಮಾತನ್ನೇ ಆಡಲಿ.

ಸಾಧನದಿಂದ ಬಾಯಿಮಾತು ನಿಂತೀತೆಂಬ ಭಯಕ್ಕೆ ಸಂಶೋಧನೆಯ ಆಧಾರವಿಲ್ಲ. ತೊಟ್ಟಿಲ ಕೂಸಿನೊಡನೆ ಉತ್ತರ ಬಯಸದೆ ವರ್ಷವಿಡೀ ಮಾತಾಡುವ ನಾವು, ಈ ಮಗುವಿಗೂ ಅಷ್ಟು ತಾಳ್ಮೆ ತೋರಬೇಡವೆ?