ಹಾಲು ಕರೆಯುವ ಕೈಗೊಂದು ಉಲ್ಲನ್ ತೋಳುಗವಸು

ಮಾಗಿ ಚಳಿ ಶುರುವಾದೊಡನೆ ನಮ್ಮ ಕೊಟ್ಟಿಗೆಗಳಲ್ಲಿ ಒಂದಿಷ್ಟು ಏರ್ಪಾಟು ತಾನಾಗಿಯೇ ನಡೆಯುತ್ತದೆ. ಎಳೆಗರುವಿನ ಬೆನ್ನಿಗೆ ಗೋಣಿಚೀಲ ಕಟ್ಟುತ್ತೇವೆ. ಗಾಳಿ ನುಗ್ಗುವ ಕಡೆ ತಾಡಪಾಲು ಇಳಿಬಿಡುತ್ತೇವೆ. ನೆಲಕ್ಕೆ ಒಣಹುಲ್ಲು ಹಾಸುತ್ತೇವೆ. ಹಸು ಕುಡಿಯುವ ನೀರಿಗೆ ಒಂದು ಚೊಂಬು ಬಿಸಿನೀರು ಬೆರೆಸುವವರೂ ಇದ್ದಾರೆ. ಎಲ್ಲವೂ ಸರಿಯೇ. ಆದರೆ ಬೆಳಗಿನ ಜಾವ ಅದೇ ಹಸುವಿನ ಪಕ್ಕ ಕುಕ್ಕರಗಾಲಿನಲ್ಲಿ ಕೂರುವ ಹೆಣ್ಣುಮಗಳ ಕೈ ನೋಡಿ. ರವಿಕೆಯ ತೋಳು ಮೊಣಕೈಗಿಂತ ಮೇಲೆಯೇ ಮುಗಿಯುತ್ತದೆ. ಅಲ್ಲಿಂದ ಬೆರಳ ತುದಿಯವರೆಗೆ ಏನೂ ಇಲ್ಲ. ತಲೆಗೆ ಸೆರಗು, ಮೈಗೆ ಹಳೆಯ ಶಾಲು, ಕೈ ಮಾತ್ರ ಬರಿದು.

ಸ್ವೆಟರ್ ಹಾಕಬಹುದಲ್ಲ ಎಂದರೆ, ಕೊಟ್ಟಿಗೆ ಕೆಲಸ ಮಾಡಿದವರಿಗೆ ಉತ್ತರ ಗೊತ್ತು. ಸಗಣಿ ಬಾಚುವಾಗ, ಕೆಚ್ಚಲು ತೊಳೆಯುವಾಗ ಸ್ವೆಟರಿನ ತೋಳು ಒದ್ದೆಯಾಗುತ್ತದೆ. ಮೇಲಕ್ಕೆ ಮಡಚಿದರೆ ಜಾರುತ್ತದೆ. ಒದ್ದೆ ತೋಳು ಇನ್ನಷ್ಟು ಚಳಿ ತರುತ್ತದೆ. ಕೊನೆಗೆ ಸ್ವೆಟರ್ ಬಿಚ್ಚಿಟ್ಟು ಬರಿಗೈಯಲ್ಲೇ ಕೆಲಸ ಮುಗಿಸುತ್ತೇವೆ.

ಇದಕ್ಕೆ ಸುಲಭದ ಪರಿಹಾರ ತೋಳುಗವಸು. ಮೊಣಕೈ ಕೆಳಗಿನಿಂದ ಬೆರಳ ಬುಡದವರೆಗೆ ಬರುವ, ಹೆಬ್ಬೆರಳಿಗೆ ಒಂದು ಕಂಡಿ ಇರುವ ಉಲ್ಲನ್ ತೋಳು ಅಷ್ಟೇ. ಬೆರಳುಗಳು ಹೊರಗಿರುತ್ತವೆ. ಬೇಕೆಂದಾಗ ಹಾಕಬಹುದು, ಬೇಡವಾದಾಗ ಒಂದೇ ಎಳೆತಕ್ಕೆ ತೆಗೆಯಬಹುದು. ಹೆಣಿಗೆ ಬಲ್ಲವರು ನಾಲ್ಕೈದು ಸಂಜೆಯಲ್ಲಿ ಒಂದು ಜೊತೆ ಮುಗಿಸುತ್ತಾರೆ.

ಬೆರಳಿಗೆ ಚಳಿಯಾದರೆ ತೋಳಿಗೇಕೆ ಹೊದಿಕೆ?

ನಿಮ್ಮ ಎಡಗೈಯಿಂದ ಬಲ ಮುಂಗೈಯನ್ನು ಹಿಡಿದು, ಬಲಗೈ ಬೆರಳುಗಳನ್ನು ಹಾಲು ಕರೆಯುವಂತೆ ಮಡಚಿ ನೋಡಿ. ಹಿಡಿದ ಜಾಗದಲ್ಲಿ ಸ್ನಾಯುಗಳು ಅಲುಗುವುದು ತಿಳಿಯುತ್ತದೆ. ಬೆರಳನ್ನು ಬಲವಾಗಿ ಮಡಚುವ ಮುಖ್ಯ ಸ್ನಾಯುಗಳು ಬೆರಳಿನಲ್ಲಿಲ್ಲ, ಮುಂಗೈಯಲ್ಲಿವೆ. ಅಲ್ಲಿಂದ ಹಗ್ಗದಂಥ ನರಗಟ್ಟುಗಳು ಮಣಿಕಟ್ಟನ್ನು ದಾಟಿ ಬೆರಳಿಗೆ ಹೋಗುತ್ತವೆ. ಬೆರಳಿಗೆ ಹೋಗುವ ಬಿಸಿರಕ್ತವೂ ಇದೇ ದಾರಿಯಲ್ಲಿ, ಮಣಿಕಟ್ಟಿನ ಚರ್ಮದ ಕೆಳಗೇ ಹರಿಯುತ್ತದೆ. ವೈದ್ಯರು ನಾಡಿ ಹಿಡಿಯುವುದು ಅಲ್ಲೇ ಅಲ್ಲವೇ? ಮುಂಗೈ ಮತ್ತು ಮಣಿಕಟ್ಟು ತಣ್ಣಗಾದರೆ ಹಿಡಿತದ ಬಲ ಕುಗ್ಗುತ್ತದೆ, ಬೆರಳು ಮರಗಟ್ಟುತ್ತದೆ. ಅವೆರಡನ್ನೂ ಬೆಚ್ಚಗಿಟ್ಟರೆ ಬೆರಳು ಬಯಲಿನಲ್ಲಿದ್ದರೂ ಕೆಲಸಕ್ಕೆ ಬರುತ್ತದೆ.

ಕೈ ಸೆಟೆದರೆ ಹಾಲಿಗೇನು ನಷ್ಟ?

ಕೆಚ್ಚಲು ತೊಳೆದು ಸವರಿದ ಸುಮಾರು ಒಂದು ನಿಮಿಷದಲ್ಲಿ ಹಸು ಸೊರ ಬಿಡುತ್ತದೆ. ಮೆದುಳಿನಿಂದ ಬರುವ ಆಕ್ಸಿಟೋಸಿನ್ ಎಂಬ ಚೋದಕ ಇದನ್ನು ಮಾಡಿಸುತ್ತದೆ. ಅದರ ಪ್ರಭಾವ ಐದರಿಂದ ಏಳು ನಿಮಿಷ ಮಾತ್ರ. ಅಷ್ಟರೊಳಗೆ ಕರೆದು ಮುಗಿಸಬೇಕು. ಮರಗಟ್ಟಿದ ಬೆರಳು ನಿಧಾನವಾದರೆ ಕೊನೆಯ ಹಾಲು ಕೆಚ್ಚಲಿನಲ್ಲೇ ಉಳಿಯುತ್ತದೆ. ಕೊಬ್ಬು ಹೆಚ್ಚಿರುವುದು ಆ ಕೊನೆಯ ಹಾಲಿನಲ್ಲೇ ಎಂಬುದು ನಿಮಗೆಲ್ಲ ಗೊತ್ತು. ಉಳಿದ ಹಾಲು ಕೆಚ್ಚಲುಬಾವಿಗೂ ದಾರಿ.

ಇನ್ನೊಂದು ಮಾತು. ಪೂರ್ತಿ ಮುಷ್ಟಿಯಲ್ಲಿ ತೊಟ್ಟು ಹಿಡಿದು ಕರೆಯುವುದೇ ಸರಿಯಾದ ವಿಧಾನ. ಕೈಗೆ ಬಲ ಸಾಲದಾದಾಗ ನಾವು ನಮಗರಿವಿಲ್ಲದೆ ಹೆಬ್ಬೆರಳು ಮಡಚಿ ಅದರ ಗಂಟಿಗೆ ತೊಟ್ಟನ್ನು ಒತ್ತುತ್ತೇವೆ, ಇಲ್ಲವೇ ಎರಡು ಬೆರಳಿನಲ್ಲಿ ಜಗ್ಗುತ್ತೇವೆ. ಇದರಿಂದ ತೊಟ್ಟಿನ ಒಳಪದರಕ್ಕೆ ಪೆಟ್ಟಾಗುತ್ತದೆ. ಮಂಜಿನಂತೆ ತಣ್ಣಗಿರುವ ಕೈ ತಗುಲಿದರೆ ಹಸು ಬೆಚ್ಚುವುದೂ ಉಂಟು. ಬೆಚ್ಚಿದ ಹಸು ಹಾಲು ಏರಿಸಿಕೊಳ್ಳುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಕೈಯ ಒಡಕು. ಚಳಿ, ಒಣಗಾಳಿ, ಮತ್ತೆ ಮತ್ತೆ ನೀರು, ಇವೆಲ್ಲ ಸೇರಿ ಬೆರಳ ಸಂದಿ, ಮಣಿಕಟ್ಟು ಬಿರಿಯುತ್ತವೆ. ಕೆಚ್ಚಲುಬಾವು ತರುವ ಸ್ಟೆಫೈಲೋಕಾಕಸ್ ಆರಿಯಸ್ ಎಂಬ ರೋಗಾಣು ಇಂಥ ಸೀಳುಗಳಲ್ಲಿ ಮನೆ ಮಾಡುತ್ತದೆ. ಸೋಪು ಹಾಕಿ ತೊಳೆದರೂ ಸೀಳಿನ ಒಳಗಿರುವುದು ಪೂರ್ತಿ ಹೋಗುವುದಿಲ್ಲ. ಒಂದು ಹಸುವಿನಿಂದ ಇನ್ನೊಂದಕ್ಕೆ ಅದನ್ನು ಒಯ್ಯುವುದು ನಮ್ಮ ಕೈಯೇ. ಹೀಗಾಗಿ ಕೈ ಒಡೆಯದಂತೆ ನೋಡಿಕೊಳ್ಳುವುದು ಸಿಂಗಾರದ ಮಾತಲ್ಲ. ಅದು ಕೆಚ್ಚಲಿನ ಆರೈಕೆಯ ಒಂದು ಭಾಗ.

ಯಾವ ದಾರ?

ಅಂಗಡಿಯಲ್ಲಿ ‘ಉಲ್ಲನ್’ ಎಂದು ಕೊಡುವ ದಾರದಲ್ಲಿ ಹೆಚ್ಚಿನದು ಅಕ್ರಿಲಿಕ್. ಇದು ಅಗ್ಗ, ಒಗೆಯಲು ಸುಲಭ, ಬೇಗ ಒಣಗುತ್ತದೆ. ಕೊಟ್ಟಿಗೆ ಬಳಕೆಗೆ ಅಡ್ಡಿಯಿಲ್ಲ. ಆದರೆ ಬೆಂಕಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಇದನ್ನು ಹಾಕಿಕೊಂಡು ಒಲೆ ಉರಿಸಬೇಡಿ, ನೀರೊಲೆಗೆ ಸೌದೆ ಒಡ್ಡಬೇಡಿ.

ನಿಜವಾದ ಕುರಿ ಉಣ್ಣೆ ಬೆಲೆ ಹೆಚ್ಚು, ಬೆಚ್ಚಗೂ ಹೆಚ್ಚು. ಅದು ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ತೇವ ಹೀರಿದರೂ ಒದ್ದೆ ಎನಿಸುವುದಿಲ್ಲ. ಬೇಗ ಬೆಂಕಿ ಹತ್ತುವುದೂ ಇಲ್ಲ. ನಮ್ಮ ಕುರುಬರು ಕಂಬಳಿ ನೇಯುವ ದಕ್ಕನಿ ಕುರಿಯ ಉಣ್ಣೆ ಇದಕ್ಕೆ ಆಗುತ್ತದೆಯೇ? ಅದು ಒರಟು ಉಣ್ಣೆ. ಹುಣಸೆ ಬೀಜದ ಗಂಜಿ ಹಾಕಿ ನೇಯ್ದ ಕಂಬಳಿ ಮಳೆಗೂ ಚಳಿಗೂ ಸೈ, ಬರಿ ಚರ್ಮಕ್ಕೆ ಮಾತ್ರ ಚುಚ್ಚುತ್ತದೆ. ತೋಳುಗವಸಿಗೆ ಮೃದು ಉಣ್ಣೆಯೇ ಬೇಕು. ಹತ್ತಿ ದಾರ ಬೇಡ. ಒಂದು ಸಲ ನೆನೆದರೆ ಅದು ಬೆಚ್ಚಗಿಡುವುದಿಲ್ಲ.

ಖರ್ಚೇ ಬೇಡ ಎನ್ನುವವರು ಮಕ್ಕಳಿಗೆ ಚಿಕ್ಕದಾದ ಹಳೆ ಸ್ವೆಟರ್ ಬಿಚ್ಚಬಹುದು. ಮೊದಲು ಒಳಗಿನ ಹೊಲಿಗೆ ನೋಡಿ. ಬಟ್ಟೆಯಂತೆ ಕತ್ತರಿಸಿ ಓವರ್‌ಲಾಕ್ ಮಾಡಿದ್ದರೆ ದಾರ ತುಂಡು ತುಂಡಾಗಿ ಬರುತ್ತದೆ, ಅದನ್ನು ಬಿಡಿ. ಅಂಚು ಕತ್ತರಿಸದೆ ಜೋಡಿಸಿದ್ದರೆ ದಾರ ಉದ್ದಕ್ಕೆ ಬರುತ್ತದೆ. ಬಿಚ್ಚಿದ ದಾರವನ್ನು ಕುರ್ಚಿಯ ಬೆನ್ನಿಗೆ ಸುತ್ತಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ನೇತುಹಾಕಿ. ಒಣಗಿದಾಗ ಗುಂಗುರು ಹೋಗಿ ನೆಟ್ಟಗಾಗಿರುತ್ತದೆ.

ಹೆಣೆಯುವ ಬಗೆ

ಬೇಕಾದ್ದು: ‘ಡಬಲ್ ನಿಟ್’ ದಪ್ಪದ ದಾರ 100 ಗ್ರಾಂ (ಸ್ವಲ್ಪ ಉಳಿಯುತ್ತದೆ), 8 ನಂಬರಿನ ಅಂದರೆ 4 ಮಿಲಿಮೀಟರ್ ದಪ್ಪದ ಒಂದು ಜೊತೆ ಹೆಣಿಗೆ ಕಡ್ಡಿ, ಹೊಲಿಯಲು ದೊಡ್ಡ ಕಣ್ಣಿನ ಸೂಜಿ. ಎರಡು ಕೈಗೂ ಅಳತೆ ಒಂದೇ, ಎಡ-ಬಲ ಎಂಬ ಗೊಂದಲವಿಲ್ಲ.

1. ಮೊಣಕೈ ಕಡೆಯಿಂದ ಆರಂಭಿಸಿ. ಎರಡೂ ಕಡ್ಡಿಗಳನ್ನು ಜೋಡಿಸಿ ಹಿಡಿದು ಅವುಗಳ ಮೇಲೆ 46 ಕುಣಿಕೆ ಹಾಕಿಕೊಂಡು, ನಂತರ ಒಂದು ಕಡ್ಡಿ ಎಳೆದುಬಿಡಿ. ಹೀಗೆ ಮಾಡಿದರೆ ಅಂಚು ಸಡಿಲವಾಗಿರುತ್ತದೆ. ತೆಳು ಕೈಯವರು 42, ದಪ್ಪ ಕೈಯವರು 50 ಹಾಕಿಕೊಳ್ಳಿ.

2. ಮೊದಲ ಸಾಲು: ಎರಡು ಸೀದಾ, ಎರಡು ಉಲ್ಟಾ. ಹೀಗೇ ಮುಂದುವರಿದರೆ ಕೊನೆಗೆ ಎರಡು ಸೀದಾ ಬರುತ್ತದೆ.

3. ಎರಡನೇ ಸಾಲು: ಎರಡು ಉಲ್ಟಾ, ಎರಡು ಸೀದಾ. ಕೊನೆಗೆ ಎರಡು ಉಲ್ಟಾ.

4. ಈ ಎರಡು ಸಾಲುಗಳನ್ನೇ ಮತ್ತೆ ಮತ್ತೆ ಹೆಣೆಯಿರಿ. ಮಧ್ಯೆ ಕರು ಕೂಗಿ ಎದ್ದುಹೋಗಿ ಬಂದು ಲೆಕ್ಕ ತಪ್ಪಿದರೆ ಗಾಬರಿ ಬೇಡ. ಕಣ್ಣೆದುರಿನ ಕುಣಿಕೆ ಬಾಣದ ತುದಿಯಂತೆ ಕಂಡರೆ ಸೀದಾ, ಸಣ್ಣ ಗಂಟಿನಂತೆ ಉಬ್ಬಿದ್ದರೆ ಉಲ್ಟಾ.

5. ಉದ್ದ 30 ಸೆಂಟಿಮೀಟರ್ ಆಗುವವರೆಗೆ, ಸುಮಾರು 90 ಸಾಲು ಹೆಣೆಯಿರಿ. ನಿಮ್ಮ ಕೈಗೇ ಹಿಡಿದು ಅಳೆದರೆ ಇನ್ನೂ ಒಳ್ಳೆಯದು. ಕೊನೆಗೆ ಬಿಗಿ ಮಾಡದೆ ಕುಣಿಕೆಗಳನ್ನು ಮುಚ್ಚಿ.

6. ಉದ್ದಕ್ಕೆ ಮಡಚಿ ಎರಡು ಅಂಚು ಸೇರಿಸಿ. ಬೆರಳ ಕಡೆಯಿಂದ 3 ಸೆಂಟಿಮೀಟರ್ ಹೊಲಿದು, ಹೆಬ್ಬೆರಳಿಗೆ 5 ಸೆಂಟಿಮೀಟರ್ ಬಿಟ್ಟು, ಉಳಿದದ್ದನ್ನು ಮೊಣಕೈಯವರೆಗೆ ಹೊಲಿಯಿರಿ.

ಎರಡು ಸೀದಾ, ಎರಡು ಉಲ್ಟಾ ಹೆಣಿಗೆ ರಬ್ಬರಿನಂತೆ ಹಿಗ್ಗಿ ಕುಗ್ಗುತ್ತದೆ. ಹಾಗಾಗಿ ಮಣಿಕಟ್ಟಿನಲ್ಲಿ ಕುಣಿಕೆ ಕಡಿಮೆ ಮಾಡುವ, ಮೇಲೆ ಹೆಚ್ಚಿಸುವ ಲೆಕ್ಕವೇ ಬೇಕಿಲ್ಲ. ಹಾಕಿಕೊಂಡಾಗ ಮೊಣಕೈ ಕಡೆಯ ಅಂಚಿನೊಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ತೆಗೆದಾಗ ಚರ್ಮದ ಮೇಲೆ ಕೆಂಪು ಗೆರೆ ಉಳಿದರೆ ಅದು ಬಿಗಿಯಾಯಿತು. ಬಿಗಿ ತೋಳು ರಕ್ತದ ಓಟ ತಡೆದು ಬೆರಳನ್ನು ಮತ್ತಷ್ಟು ತಣ್ಣಗಾಗಿಸುತ್ತದೆ.

ಉಲ್ಟಾ ಬಾರದವರು 60 ಕುಣಿಕೆ ಹಾಕಿಕೊಂಡು ಎಲ್ಲ ಸಾಲನ್ನೂ ಸೀದಾ ಹೆಣೆಯಲಿ. ಈ 60 ಕುಣಿಕೆಯೇ ತೋಳಿನ ಉದ್ದ. ಕೈಸುತ್ತ ಬರುವಷ್ಟು ಅಗಲವಾದಾಗ ಮುಚ್ಚಿ ಮೊದಲಿನಂತೆಯೇ ಹೊಲಿದರೆ ಮುಗಿಯಿತು. ಹೆಣಿಗೆಯೇ ಬಾರದವರು ಹಳೆ ಸ್ವೆಟರಿನ ತೋಳು ಕತ್ತರಿಸಿ, ಕತ್ತರಿಸಿದ ಅಂಚನ್ನು ಮಡಚಿ ಹೊಲಿದು, ಹೆಬ್ಬೆರಳಿಗೊಂದು ಕಂಡಿ ಮಾಡಿಕೊಂಡರೂ ಈ ಚಳಿಗಾಲ ಕಳೆಯುತ್ತದೆ.

ಯಾವಾಗ ಹಾಕಬೇಕು, ಯಾವಾಗ ತೆಗೆಯಬೇಕು

ಎದ್ದ ಕೂಡಲೇ, ಕೈ ತಣ್ಣಗಾಗುವ ಮೊದಲೇ ಹಾಕಿಕೊಳ್ಳಿ. ಹುಲ್ಲು ಹಾಕುವಾಗ, ಹಿಂಡಿ ಅಳೆಯುವಾಗ ಇರಲಿ. ಕೆಚ್ಚಲು ತೊಳೆಯಲು ಹೊರಟಾಗ ತೆಗೆದು ಕೊಟ್ಟಿಗೆಯ ಹೊರಗೆ ಬಟ್ಟೆ ಚೀಲದಲ್ಲಿ ನೇತುಹಾಕಿ. ತೋಳುಗವಸು ಹಾಕಿಕೊಂಡು ಹಾಲು ಕರೆಯಲೇಬಾರದು. ಉಲ್ಲನ್ ಎಳೆ ಹಾಲಿಗೆ ಬೀಳುತ್ತದೆ. ಒದ್ದೆ ಅಂಚಿನಿಂದ ಕೊಳೆನೀರು ಬಕೆಟ್ಟಿಗೆ ತೊಟ್ಟಿಕ್ಕುತ್ತದೆ. ಒಂದು ಹಸುವಿನ ರೋಗಾಣು ಇನ್ನೊಂದಕ್ಕೆ ದಾಟುತ್ತದೆ.

ಉಗುರುಬೆಚ್ಚಗಿನ ನೀರು, ಸೋಪಿನಿಂದ ಮೊಣಕೈವರೆಗೆ ತೊಳೆದು, ಒಣಬಟ್ಟೆಯಲ್ಲಿ ಒರೆಸಿ, ಒಣಗೈಯಲ್ಲೇ ಕರೆಯಿರಿ. ಕರೆದು, ಪಾತ್ರೆ ತೊಳೆದ ಮೇಲೆ ಕೈ ಚೆನ್ನಾಗಿ ಒರೆಸಿ, ಬೆರಳ ಸಂದಿಗೆ ಕೊಬ್ಬರಿ ಎಣ್ಣೆ ಸವರಿ ಮತ್ತೆ ತೋಳುಗವಸು ಹಾಕಿ. ಎಣ್ಣೆ ಯಾವಾಗಲೂ ಕರೆದ ನಂತರ, ಮೊದಲಲ್ಲ. ಮಂಜಿನಲ್ಲಿ ತಣ್ಣನೆಯ ಕ್ಯಾನ್ ಹಿಡಿದು ಸಂಘಕ್ಕೆ ನಡೆಯುವ ಹೊತ್ತಿಗೆ ಇದರ ಸುಖ ತಿಳಿಯುತ್ತದೆ.

ಮೇವು ಕತ್ತರಿಸುವ ಯಂತ್ರದ ಹತ್ತಿರ ಮಾತ್ರ ಇದನ್ನು ಹಾಕಿಕೊಂಡು ಹೋಗಲೇಬೇಡಿ. ಒಂದು ಎಳೆ ಸಿಕ್ಕಿಕೊಂಡರೂ ಕೈಯನ್ನೇ ಒಳಗೆಳೆಯುತ್ತದೆ. ಸೆರಗನ್ನು ಬಿಗಿಯಾಗಿ ಸಿಕ್ಕಿಸಿಕೊಳ್ಳುವ ಹಾಗೆ ಇದೂ ನೆನಪಿರಲಿ. ಕಂದು ಹಾಕಿದ ಹಸು, ಕಸ ಬೀಳದ ಹಸುವಿನ ಕೆಲಸಕ್ಕೆ ರಬ್ಬರ್ ಕೈಗವಸೇ ಬೇಕು, ಉಲ್ಲನ್ ಅದರ ಬದಲಿಯಲ್ಲ.

ಎರಡು ಜೊತೆ ಇದ್ದರೆ ದಿನ ಬಿಟ್ಟು ದಿನ ಒಗೆಯಬಹುದು. ಉಣ್ಣೆಯದನ್ನು ಕುದಿನೀರಿಗೆ ಹಾಕಬೇಡಿ, ಹಿಂಡಬೇಡಿ. ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆದು ನೆರಳಿನಲ್ಲಿ ಹರಡಿ ಒಣಗಿಸಿ. ಕೊಟ್ಟಿಗೆಯ ಜೊತೆ ಅಡುಗೆಮನೆಗೆ ಬರದಿರಲಿ.

ಇಷ್ಟೆಲ್ಲ ಮಾಡಿದರೂ ರಾತ್ರಿ ಬೆರಳು ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ, ಚಳಿಗೆ ಬೆರಳು ಬೆಳ್ಳಗೆ ಬಿಳಿಚಿಕೊಳ್ಳುತ್ತಿದ್ದರೆ, ಒಡಕಿನಲ್ಲಿ ಕೀವಾಗಿದ್ದರೆ ವೈದ್ಯರಿಗೆ ತೋರಿಸಿ. ವರ್ಷಗಟ್ಟಲೆ ಹಾಲು ಕರೆದ ಮಣಿಕಟ್ಟಿನಲ್ಲಿ ನರ ಒತ್ತಿಕೊಳ್ಳುವುದುಂಟು. ಅದು ಉಲ್ಲನ್‌ನಿಂದ ವಾಸಿಯಾಗುವುದಲ್ಲ.

ಮೊದಲ ಜೊತೆ ಯಾರಿಗೆ?

ನಮ್ಮ ಊರುಗಳಲ್ಲಿ ಹೆಣಿಗೆ ಬಲ್ಲವರು ಒಬ್ಬರಾದರೂ ಇರುತ್ತಾರೆ. ಮಹಿಳಾ ಸಂಘದ ಮುಂದಿನ ಸಭೆಗೆ ಅವರು ಕಡ್ಡಿ, ದಾರ ತರಲಿ. ಎರಡು ಸೀದಾ, ಎರಡು ಉಲ್ಟಾ ಕಲಿಯಲು ಒಂದು ಮಧ್ಯಾಹ್ನ ಸಾಕು. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುತ್ತದೆ ಎನ್ನುತ್ತಾರೆ. ಅಲ್ಲಿಯವರೆಗೆ ಇನ್ನೂ ಎಷ್ಟೋ ಬೆಳಗು ಉಳಿದಿವೆ.

ಒಂದು ಮಾತು ಮಾತ್ರ ನಡೆಸಿಕೊಡಿ. ಕಡ್ಡಿ ಕೈಗೆ ಬಂದರೆ ನಾವು ಮೊದಲು ಮೊಮ್ಮಗುವಿಗೆ ಟೋಪಿ ಹೆಣೆಯುತ್ತೇವೆ, ಆಮೇಲೆ ಮನೆಯವರಿಗೆ ಮಫ್ಲರ್. ದಾರ ಮುಗಿಯುತ್ತದೆ, ಚಳಿಗಾಲವೂ ಮುಗಿಯುತ್ತದೆ. ಈ ಸಲ ಮೊದಲ ಜೊತೆಯನ್ನು ನಿಮ್ಮ ಕೈ ಅಳತೆಗೇ ಹೆಣೆದುಕೊಳ್ಳಿ. ಬೆಳಿಗ್ಗೆ ಎದ್ದು ಹಾಲು ಕರೆಯುವುದು ಆ ಕೈಯೇ.