ಯೀಸ್ಟ್‌ಗೆ ಹುಳಿ ಕಲಿಸುವ ಕೆಲಸ

ಹಳೆಯ ವಿಧಾನದಲ್ಲಿ ಲ್ಯಾಕ್ಟಿಕ್ ಆಮ್ಲ ತಯಾರಿಸುವ ಕಾರ್ಖಾನೆಯಿಂದ ಒಂದು ಟನ್ ಆಮ್ಲ ಹೊರಟರೆ, ಹಿತ್ತಿಲಲ್ಲಿ ಹೆಚ್ಚುಕಡಿಮೆ ಒಂದು ಟನ್ ಜಿಪ್ಸಂ ಗುಡ್ಡೆ ಬೀಳುತ್ತದೆ. ಆಮ್ಲಕ್ಕೆ ಗಿರಾಕಿಗಳಿದ್ದಾರೆ. ಜಿಪ್ಸಂ ಮಾತ್ರ ಯಾರೂ ಕೇಳದೆ ಬಂದದ್ದು. ಮೊಸರನ್ನೂ ಇಡ್ಲಿ ಹಿಟ್ಟನ್ನೂ ಹುಳಿ ಬರಿಸುವ ಬ್ಯಾಕ್ಟೀರಿಯಾಗಳ ಬಳಗವೇ ಇಲ್ಲಿಯೂ ದುಡಿಯುವುದು. ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿಸುವುದರಲ್ಲಿ ಅವು ಪಳಗಿದವು, ಆದರೆ ತಾವೇ ಮಾಡಿದ ಹುಳಿ ಒಂದು ಮಟ್ಟ ಮೀರಿದರೆ ಅವಕ್ಕೇ ತಡೆಯದು. ಹಾಗಾಗಿ ತೊಟ್ಟಿಗೆ ಸುಣ್ಣ ಹಾಕುತ್ತಲೇ ಇರಬೇಕು. ಆಮ್ಲ ಸುಣ್ಣದೊಡನೆ ಕೂಡಿ ಕ್ಯಾಲ್ಸಿಯಂ ಲ್ಯಾಕ್ಟೇಟ್ ಎಂಬ ಲವಣವಾಗುತ್ತದೆ. ಮಾರಬೇಕಿರುವುದು ಲವಣವನ್ನಲ್ಲ, ಆಮ್ಲವನ್ನು. ಅದನ್ನು ಬಿಡಿಸಿಕೊಳ್ಳಲು ಗಂಧಕಾಮ್ಲ ಸುರಿದರೆ ಕ್ಯಾಲ್ಸಿಯಂ ಅದರ ಜತೆ ಸೇರಿ ಜಿಪ್ಸಂ ಆಗಿ ತಳ ಸೇರುತ್ತದೆ. ಸುಣ್ಣಕ್ಕೂ ದುಡ್ಡು, ಗಂಧಕಾಮ್ಲಕ್ಕೂ ದುಡ್ಡು, ಕೊನೆಗೆ ಜಿಪ್ಸಂ ಸಾಗಿಸಲಿಕ್ಕೂ ದುಡ್ಡು.

ಇದನ್ನೆಲ್ಲ ತಪ್ಪಿಸುವ ಆಸೆಯಿಂದಲೇ ವಿಜ್ಞಾನಿಗಳು ಯೀಸ್ಟ್ ಕಡೆ ತಿರುಗಿದ್ದು. ಹಣ್ಣಿನ ಸಿಪ್ಪೆಯ ಮೇಲೆ, ಹುಳಿ ರಸದಲ್ಲಿ ಬದುಕುವ ಈ ಜೀವಿಗೆ ಪಿಎಚ್ 3ರ ಆಸುಪಾಸು ಹೊಸದೇನಲ್ಲ. ಲ್ಯಾಕ್ಟಿಕ್ ಆಮ್ಲದ ಅಣುಗಳಲ್ಲಿ ಅರ್ಧದಷ್ಟು ಲವಣರೂಪದಲ್ಲಿ, ಇನ್ನರ್ಧ ಆಮ್ಲರೂಪದಲ್ಲಿ ಇರುವುದು ಪಿಎಚ್ 3.86ರಲ್ಲಿ. ಅದಕ್ಕಿಂತ ಕೆಳಗೆ ಹುದುಗು ನಡೆದರೆ ತೊಟ್ಟಿಯಲ್ಲಿ ಇರುವುದು ಬಹುಪಾಲು ಆಮ್ಲವೇ. ಸುಣ್ಣದ ಅಗತ್ಯ ಬೀಳುವುದಿಲ್ಲ. ಕಷ್ಟವೆಂದರೆ ಬ್ರೆಡ್ಡಿನ, ಬಿಯರಿನ ಯೀಸ್ಟ್‌ಗೆ ಲ್ಯಾಕ್ಟಿಕ್ ಆಮ್ಲ ಮಾಡುವ ಅಭ್ಯಾಸವಿಲ್ಲ. ಅದು ಮಾಡುವುದು ಆಲ್ಕೊಹಾಲ್.

ಎರಡರ ದಾರಿಯೂ ಬಹುದೂರ ಒಂದೇ. ಜೀವಕೋಶ ಒಂದು ಗ್ಲೂಕೋಸ್ ಅಣುವನ್ನು ಸೀಳಿ ಎರಡು ಪೈರುವೇಟ್ ಮಾಡುತ್ತದೆ. ಯೀಸ್ಟ್‌ನಲ್ಲಿ ಒಂದು ಕಿಣ್ವ ಪೈರುವೇಟ್‌ನಿಂದ ಇಂಗಾಲದ ಡೈಆಕ್ಸೈಡ್ ಕಿತ್ತು ಅಸಿಟಾಲ್ಡಿಹೈಡ್ ಮಾಡುತ್ತದೆ, ಇನ್ನೊಂದು ಅದನ್ನು ಆಲ್ಕೊಹಾಲ್ ಮಾಡುತ್ತದೆ. ಓಡುವ ಹಸುವಿನ ಸ್ನಾಯುವಿನಲ್ಲೋ ನಮ್ಮ ನಿಮ್ಮ ಕಾಲಿನಲ್ಲೋ ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್ ಎಂಬ ಒಂದೇ ಕಿಣ್ವ ಪೈರುವೇಟನ್ನು ನೇರವಾಗಿ ಲ್ಯಾಕ್ಟೇಟ್ ಮಾಡಿ ಮುಗಿಸುತ್ತದೆ. ಇಂಗಾಲ ಗಾಳಿಗೆ ಹೋಗುವುದೇ ಇಲ್ಲ. ನೂರು ಕಿಲೋ ಗ್ಲೂಕೋಸಿನಿಂದ ಹೆಚ್ಚೆಂದರೆ 51 ಕಿಲೋ ಆಲ್ಕೊಹಾಲ್ ಬರಬಹುದು. ಲ್ಯಾಕ್ಟಿಕ್ ಆಮ್ಲವಾದರೆ ಕಾಗದದ ಮೇಲಿನ ಲೆಕ್ಕದಲ್ಲಿ ನೂರಕ್ಕೆ ನೂರು. ಹಾಗಿದ್ದರೆ ಹಸುವಿನ ಆ ಜೀನ್ ತಂದು ಯೀಸ್ಟ್‌ಗೆ ಸೇರಿಸಿದರಾಯಿತಲ್ಲ? ಇಟಲಿಯ ದಾನಿಲೊ ಪೊರೊ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ್ದು ಇದನ್ನೇ. ಯೀಸ್ಟ್ ಆಮ್ಲ ಮಾಡಿತು, ಆಲ್ಕೊಹಾಲನ್ನೂ ಬಿಡಲಿಲ್ಲ. ಹತ್ತು ವರ್ಷದ ಮೇಲೆ ಜಪಾನಿನಲ್ಲಿ ಟೊಯೊಟಾ ಕಂಪನಿಯ ಸಂಶೋಧಕರು ವೈನ್ ಯೀಸ್ಟ್‌ಗೆ ಹಸುವಿನ ಜೀನಿನ ಆರು ಪ್ರತಿಗಳನ್ನು ಕೂಡಿಸಿ, ಕಬ್ಬಿನ ಹಾಲನ್ನು ಆಧರಿಸಿದ ಮಾಧ್ಯಮದಲ್ಲಿ ಲೀಟರಿಗೆ 122 ಗ್ರಾಂ ಆಮ್ಲ ಪಡೆದರು. ಒಳ್ಳೆಯ ಫಲವೇ. ಆದರೂ ಆಮ್ಲವಾಗಿದ್ದು ಸಕ್ಕರೆಯ ಶೇ 61 ಪಾಲು ಮಾತ್ರ.

ಆಲ್ಕೊಹಾಲಿನ ದಾರಿಯನ್ನು ಪೂರ್ತಿ ಮುಚ್ಚಿಬಿಟ್ಟರೆ? ಪೈರುವೇಟ್ ಸೀಳುವ ಕಿಣ್ವಕ್ಕೆ ಯೀಸ್ಟ್‌ನಲ್ಲಿ ಮೂರು ಜೀನ್‌ಗಳಿವೆ. ಮೂರನ್ನೂ ಅಳಿಸಿದ ಯೀಸ್ಟ್ ಗ್ಲೂಕೋಸ್ ಮುಂದಿಟ್ಟರೂ ಬೆಳೆಯುವುದಿಲ್ಲ. ಅಸಿಟಾಲ್ಡಿಹೈಡ್ ಬರೀ ಆಲ್ಕೊಹಾಲಿಗೆ ಕಚ್ಚಾವಸ್ತುವಲ್ಲ. ಕೋಶಪೊರೆಗೆ ಬೇಕಾದ ಕೊಬ್ಬು ಕಟ್ಟಲು ತೊಡಗುವುದೂ ಅಲ್ಲಿಂದಲೇ. ನೆದರ್‌ಲೆಂಡ್ಸ್‌ನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದವರು ಇದನ್ನು ಜೀನ್ ಜೋಡಿಸಿ ಬಗೆಹರಿಸಲು ಹೋಗಲಿಲ್ಲ. ಆ ಕುಂಟು ಯೀಸ್ಟ್‌ಗೆ ಬೇಕಾದ ಆಸರೆ ಆಹಾರವನ್ನು ಮೆಲ್ಲಮೆಲ್ಲನೆ ಕಡಿಮೆ ಮಾಡುತ್ತಾ, ಆಮೇಲೆ ಗ್ಲೂಕೋಸ್ ಏರಿಸುತ್ತಾ ತಲೆಮಾರುಗಟ್ಟಲೆ ಬೆಳೆಸಿದರು. ತಾಳಿಕೊಂಡವು ಉಳಿದವು. 2004ರಲ್ಲಿ ಅವರು ವರದಿ ಮಾಡಿದ ತಳಿ ಲೀಟರಿಗೆ 135 ಗ್ರಾಂ ಪೈರುವೇಟ್ ಹೊರಹಾಕಿತು. ಯಾವ ಜೀನ್ ಬದಲಾಗಿ ಹೀಗಾಯಿತು ಎಂಬುದು ತಿಳಿಯಲು ಇನ್ನೂ ಕೆಲವು ವರ್ಷ ಬೇಕಾಯಿತು. ಈ ಕ್ಷೇತ್ರದ ಬಹಳಷ್ಟು ಗೆಲುವುಗಳು ಹೀಗೇ ಮೊದಲು ಕೈಗೆ ಸಿಕ್ಕಿ, ಆಮೇಲೆ ಅರ್ಥವಾದವು. ಎಂಜಿನಿಯರಿಂಗ್ ಎಂಬ ಹೆಸರಿಗಿಂತ ಪಶುಪಾಲನೆ ಎಂಬುದೇ ಇದಕ್ಕೆ ಹೆಚ್ಚು ಒಪ್ಪುತ್ತದೆ ಎಂದು ನನಗನ್ನಿಸುವುದುಂಟು.

ಇದಾದ ಮೇಲೂ ಒಂದು ಗಂಟು ಉಳಿಯಿತು, ಎಲ್ಲಕ್ಕಿಂತ ಬಿಗಿಯಾದದ್ದು. ಆಲ್ಕೊಹಾಲ್ ಬದಲು ಲ್ಯಾಕ್ಟಿಕ್ ಆಮ್ಲವನ್ನೇ ಮಾಡುವ ಯೀಸ್ಟನ್ನು ಅದೇ ಡೆಲ್ಫ್ಟ್ ತಂಡ ಗಾಳಿಯಿಲ್ಲದ ಪಾತ್ರೆಯಲ್ಲಿ ಇಟ್ಟು ನೋಡಿತು. ಆಲ್ಕೊಹಾಲ್ ಮಾಡುವ ಯೀಸ್ಟ್ ಗಾಳಿಯಿಲ್ಲದೆಯೂ ಸುಖವಾಗಿ ಬೆಳೆಯುತ್ತದೆ. ಇದು ಬೆಳೆಯಲಿಲ್ಲ. ರಾಸಾಯನಿಕ ಲೆಕ್ಕದಲ್ಲಿ ಎರಡೂ ಸಮ: ಒಂದು ಗ್ಲೂಕೋಸಿಗೆ ಎರಡು ಎಟಿಪಿ, ಅಂದರೆ ಜೀವಕೋಶ ಖರ್ಚು ಮಾಡಬಹುದಾದ ಶಕ್ತಿಯ ಎರಡು ಅಣು. ವ್ಯತ್ಯಾಸವಿರುವುದು ಸರಕು ಹೊರಹೋಗುವ ಬಗೆಯಲ್ಲಿ. ಆಲ್ಕೊಹಾಲ್ ಕೋಶಪೊರೆಯ ಮೂಲಕ ತಾನಾಗಿ ಹೊರಗೆ ಸೋರುತ್ತದೆ. ಕೋಶದೊಳಗಿನ ಪಿಎಚ್ ತಟಸ್ಥದ ಹತ್ತಿರ ಇರುವುದರಿಂದ ಅಲ್ಲಿ ಲ್ಯಾಕ್ಟಿಕ್ ಆಮ್ಲ ಒಡೆದು ಲ್ಯಾಕ್ಟೇಟ್ ಮತ್ತು ಪ್ರೋಟಾನ್ ಆಗಿಬಿಡುತ್ತದೆ. ಎರಡನ್ನೂ ಹೊರಗೆ ದೂಡಬೇಕು. ಒಂದು ಪ್ರೋಟಾನನ್ನು ಹೊರದೂಡುವ ಪಂಪು ಒಂದು ಎಟಿಪಿ ತಿನ್ನುತ್ತದೆ. ಎರಡು ಲ್ಯಾಕ್ಟಿಕ್ ಆಮ್ಲಕ್ಕೆ ಎರಡು ಎಟಿಪಿ. ಗಳಿಸಿದ್ದೂ ಅಷ್ಟೇ, ಹೋದದ್ದೂ ಅಷ್ಟೇ. ಬೆಳೆಯಲು ಏನೂ ಉಳಿಯಲಿಲ್ಲ ಎಂಬುದು ತಂಡದವರು ಕೊಟ್ಟ ವಿವರಣೆ. ಹೊರಗಿನ ಹುಳಿ ಹೆಚ್ಚಿದಂತೆ ಕಷ್ಟ ಇನ್ನೂ ಕೂಡುತ್ತದೆ, ಏಕೆಂದರೆ ಒಡೆಯದ ಆಮ್ಲ ಪೊರೆ ದಾಟಿ ಮತ್ತೆ ಒಳಗೆ ನುಸುಳುತ್ತದೆ. ಹಣ್ಣಿನ ಸ್ಕ್ವಾಶ್‌ನಲ್ಲಿ ಚಿಟಿಕೆ ಬೆಂಜೋಯೇಟ್ ಇದ್ದರೆ ಬೂಷ್ಟು ಬಾರದಿರುವುದೂ ಇದೇ ಕಾರಣಕ್ಕೆ. ಪರಿಹಾರವೆಂದರೆ ತೊಟ್ಟಿಗೆ ಸ್ವಲ್ಪ ಗಾಳಿ ಊದಿ, ಒಂದಿಷ್ಟು ಸಕ್ಕರೆಯನ್ನು ಉಸಿರಾಟಕ್ಕೆ ಉರಿಸಲು ಬಿಡುವುದು. ಗಾಳಿ ಕಡಿಮೆಯಾದರೆ ಯೀಸ್ಟ್ ಸೊರಗುತ್ತದೆ, ಹೆಚ್ಚಾದರೆ ಸಕ್ಕರೆ ಹೋಗುತ್ತದೆ.

ಹೀಗಾಗಿ ಕಂಪನಿಗಳು ಬ್ರೆಡ್ಡಿನ ಯೀಸ್ಟನ್ನು ಬಿಟ್ಟು ಹುಟ್ಟಿನಿಂದಲೇ ಹುಳಿಗೆ ಗಟ್ಟಿಯಾದ ಜಾತಿಗಳನ್ನು ಹುಡುಕಿದವು. ಕಾರ್ಗಿಲ್ ಕಂಪನಿಯವರು ಕೈಹಾಕಿದ ಇಸ್ಸಾಚೆಂಕಿಯಾ ಓರಿಯೆಂಟಾಲಿಸ್ ಅಂಥದ್ದು. ಇದರದ್ದೊಂದು ತಮಾಷೆ: ಪಿಚಿಯಾ ಕುದ್ರಿಯಾವ್‌ಜೆವಿ ಎಂಬುದೂ ಇದೇ, ಆಸ್ಪತ್ರೆಗಳಲ್ಲಿ ವೈದ್ಯರ ನಿದ್ದೆ ಕೆಡಿಸುವ, ಫ್ಲುಕೊನಜೋಲ್ ಔಷಧಿಗೆ ಬಗ್ಗದ ಕ್ಯಾಂಡಿಡಾ ಕ್ರುಸೈ ಎಂಬುದೂ ಇದೇ. ಜೀನೋಮ್‌ಗಳನ್ನು ಎದುರುಬದುರಿಟ್ಟು 2018ರಲ್ಲಿ ಖಚಿತಪಡಿಸಿದರು. ಅಮೆರಿಕದ ನೆಬ್ರಾಸ್ಕಾ ರಾಜ್ಯದ ಬ್ಲೇರ್ ಊರಿನಲ್ಲಿ, ಮೆಕ್ಕೆಜೋಳದ ಸಕ್ಕರೆಯಿಂದ ಪಿಎಲ್ಎ ಪ್ಲಾಸ್ಟಿಕ್ ಮಾಡುವ ಘಟಕ 2002ರಲ್ಲಿ ಶುರುವಾಯಿತು. ಅದಕ್ಕೆ ಬೇಕಾದ ಲ್ಯಾಕ್ಟಿಕ್ ಆಮ್ಲಕ್ಕೆ ಕಾರ್ಗಿಲ್ ಮುಂದೆ ಹುಳಿ ಸಹಿಸುವ ಯೀಸ್ಟನ್ನೇ ದುಡಿಸಿತು. ಕಾಫಿ ಲೋಟದಿಂದ ತ್ರಿಡಿ ಪ್ರಿಂಟರಿನ ದಾರದವರೆಗೆ ಇಂದು ಕಾಣುವ ಪಿಎಲ್ಎಯಲ್ಲಿ ಒಂದು ಪಾಲು ಹೀಗೆ ಬಂದದ್ದು. ಅಂದಹಾಗೆ, ಅದನ್ನು ಚರಂಡಿಗೆಸೆದರೆ ಬೇಗ ಕರಗುತ್ತದೆ ಎಂದು ನಂಬಬೇಡಿ. ಅದಕ್ಕೆ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿಯಿರುವ ಕಾಂಪೋಸ್ಟ್ ಘಟಕವೇ ಬೇಕು.

ಯೀಸ್ಟ್‌ನಿಂದ ಮಾಡಿಸಲು ಹೊರಟ ಇನ್ನೊಂದು ಆಮ್ಲವಾದ ಸಕ್ಸಿನಿಕ್ ಆಮ್ಲದ ಕಥೆ ಅಷ್ಟು ಸುಖದ್ದಲ್ಲ. ಅದನ್ನು ಮಾಡುವಾಗ ಯೀಸ್ಟ್ ಇಂಗಾಲದ ಡೈಆಕ್ಸೈಡನ್ನು ಬಿಡುವ ಬದಲು ಹಿಡಿದು ಕೂಡಿಸಿಕೊಳ್ಳುವಂತೆ ಮಾಡಬಹುದು. ಹಾಗಾಗಿ ನೂರು ಕಿಲೋ ಗ್ಲೂಕೋಸಿಗೆ 112 ಕಿಲೋವರೆಗೆ ಆಮ್ಲ ಬರಲು ಸಿದ್ಧಾಂತದಲ್ಲಿ ಅಡ್ಡಿಯಿಲ್ಲ. ಡಿಎಸ್ಎಂ ಮತ್ತು ರೊಕೆಟ್ ಕಂಪನಿಗಳ ಜಂಟಿ ಸಂಸ್ಥೆ ರಿವರ್ಡಿಯಾ 2012ರಲ್ಲಿ ಇಟಲಿಯ ಕಸಾನೊ ಸ್ಪಿನೊಲಾದಲ್ಲಿ ಯೀಸ್ಟ್ ಬಳಸುವ 10,000 ಟನ್ನಿನ ಘಟಕ ತೆರೆಯಿತು. ಬಯೋಆಂಬರ್ ಕಂಪನಿ ಕಾರ್ಗಿಲ್‌ನ ಯೀಸ್ಟ್ ಪಡೆದು ಕೆನಡಾದ ಸಾರ್ನಿಯಾದಲ್ಲಿ 30,000 ಟನ್ನಿನದನ್ನು 2015ರಲ್ಲಿ ಶುರುಮಾಡಿತು. ಯೀಸ್ಟ್ ತನ್ನ ಪಾಲಿನ ಕೆಲಸ ಮಾಡಿತು. ಆದರೆ ಯೋಜನೆ ಹಾಕುವಾಗ ಬ್ಯಾರಲಿಗೆ 100 ಡಾಲರ್ ಸುತ್ತ ಇದ್ದ ಕಚ್ಚಾ ತೈಲ, 2016ರ ಜನವರಿಯಲ್ಲಿ 30ಕ್ಕೂ ಕೆಳಗೆ ಬಿತ್ತು. ಪೆಟ್ರೋಲಿಯಂ ಮೂಲದ ಆಮ್ಲದೆದುರು ಸಕ್ಕರೆಯ ಆಮ್ಲಕ್ಕೆ ನಿಲ್ಲುವುದು ಕಷ್ಟವಾಯಿತು, ಕೊಳ್ಳುವವರ ಸಂಖ್ಯೆಯೂ ಎಣಿಸಿದಷ್ಟು ಬೆಳೆಯಲಿಲ್ಲ. ಬಯೋಆಂಬರ್ 2018ರಲ್ಲಿ ದಿವಾಳಿಯಾಯಿತು.

ಕಬ್ಬು ಬೆಳೆಯುವ ನಮಗೆ ಈ ಮಾತು ದೂರದ್ದಲ್ಲ. ಉತ್ತರ ಪ್ರದೇಶದ ಕುಂಭಿಯಲ್ಲಿ ಬಲರಾಂಪುರ ಚೀನಿ ಮಿಲ್ಸ್ ಕಬ್ಬಿನ ಸಕ್ಕರೆಯಿಂದ ಪಿಎಲ್ಎ ಮಾಡುವ ಯೋಜನೆಗೆ ಕೈಹಾಕಿದೆ. ಬೆಳಗಾವಿ, ಬಾಗಲಕೋಟೆಯ ಕಾರ್ಖಾನೆಗಳ ತೊಟ್ಟಿಗಳಲ್ಲಿ ಯೀಸ್ಟ್ ಈಗಾಗಲೇ ದುಡಿಯುತ್ತಿದೆ, ಎಥನಾಲ್ ಮಾಡುತ್ತಾ, ಸಕ್ಕರೆಯ ತೂಕದಲ್ಲಿ ಅರ್ಧದಷ್ಟನ್ನು ಗಾಳಿಗೆ ಬಿಡುತ್ತಾ. ಬರೀ ಇಂಗಾಲದ ಲೆಕ್ಕ ನೋಡಿದರೆ ಅದೇ ತೊಟ್ಟಿಯಲ್ಲಿ ಆಮ್ಲ ಮಾಡುವುದೇ ಜಾಣತನ. ಆದರೆ ಎಥನಾಲನ್ನು ಪೆಟ್ರೋಲಿಗೆ ಬೆರೆಸಲು ತೈಲ ಕಂಪನಿಗಳು ಸರಕಾರ ಗೊತ್ತುಮಾಡಿದ ಬೆಲೆಗೆ ಕೊಳ್ಳುತ್ತವೆ. ಲ್ಯಾಕ್ಟಿಕ್ ಆಮ್ಲಕ್ಕೆ ಅಂಥ ಗಿರಾಕಿ ಇಲ್ಲ.